ಮಿಕ್ಸಿಯ ತಳದ ಕೆಂಪು ಬಟನ್

ನಮ್ಮ ಮನೆಯಲ್ಲಿ ಯಾರೂ ಅಲಾರಂ ಇಟ್ಟು ಮಲಗುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಉಮ್ಮನ ಮಿಕ್ಸಿ ಶುರುವಾಗುತ್ತದೆ. ಮೊದಲ ಸದ್ದಿಗೆ ಅಜ್ಜಿ ಏಳುತ್ತಾರೆ, ಎರಡನೆಯದಕ್ಕೆ ನಾನು. ತಮ್ಮ ಮಾತ್ರ ಎಂಟನೆಯದಕ್ಕೂ ಏಳುವುದಿಲ್ಲ. ಎಂಟು ಸಲ ಯಾಕೆಂದರೆ, ಹಿಂದಿನ ರಾತ್ರಿ ನೆನೆಹಾಕಿದ 3 ಕಿಲೋ ಕುಚ್ಚಲಕ್ಕಿ ಒಂದೇ ಸಲಕ್ಕೆ ಜಾರಿನಲ್ಲಿ ಹಿಡಿಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಿ, ತೆಂಗಿನ ತುರಿ, ಉಪ್ಪು ಸೇರಿಸಿ ಗಟ್ಟಿಯಾಗಿ ಕಡೆಯಬೇಕು. ಆ ಹಿಟ್ಟನ್ನು ಬಾಳೆಲೆಯ ಮೇಲೆ ತಟ್ಟಿ ಕಾವಲಿಗೆ ಹಾಕಿದರೆ ಅಕ್ಕಿ ರೊಟ್ಟಿ. ಏಳು ಗಂಟೆಗೆ 60 ರೊಟ್ಟಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕ್ಯಾಂಟೀನಿಗೆ ಹೋಗುತ್ತದೆ. ಒಂದಕ್ಕೆ 8 ರೂಪಾಯಿ.

ಮೊದಲು 40 ರೊಟ್ಟಿ ಇತ್ತು. ಜೂನ್ ತಿಂಗಳಿನಿಂದ 60 ಆಯಿತು. ಯಾಕೆ ಆಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ನನಗೂ ಅದು ಆಮೇಲೆಯೇ ಗೊತ್ತಾದದ್ದು.

ಮಧ್ಯವಾರ್ಷಿಕ ಪರೀಕ್ಷೆಯ ಭೌತಶಾಸ್ತ್ರದ ದಿನ. ನಾನು ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದೆ. ಐದನೇ ಸಲ ಅಕ್ಕಿ ಹಾಕಿ ತಿರುಗಿಸಿದಾಗ ಮಿಕ್ಸಿ ಒಮ್ಮೆ ಗುಂಯ್ ಎಂದು ನರಳಿ ನಿಂತೇಬಿಟ್ಟಿತು. ಸುಟ್ಟ ವಾಸನೆ. ಅಜ್ಜಿ ಓಡಿ ಬಂದರು, ನಾನು ಎದ್ದು ನಿಂತೆ, ಎಂಟನೇ ಸದ್ದಿಗೂ ಏಳದ ತಮ್ಮ ಸದ್ದು ನಿಂತದ್ದಕ್ಕೆ ಎದ್ದು ಬಂದ.

"ಮೋಟಾರ್ ಸುಟ್ಟು ಹೋಗಿದೆ," ಎಂದು ನಾನು ಘೋಷಿಸಿದೆ. ಮನೆಯಲ್ಲಿ ಸೈನ್ಸ್ ಓದುವವಳು ನಾನೊಬ್ಬಳೇ ಅಲ್ಲವೇ! ಉಮ್ಮ ಬೇಡ ಬೇಡ ಎನ್ನುತ್ತಿದ್ದಂತೆಯೇ ಬಾಪನ ಹಳೆಯ ಇಕ್ಕಳ ತಂದು ಮಿಕ್ಸಿಯ ಮೇಲಿನ ಕಪ್ಪು ಕಪ್ಲರನ್ನು ಹಿಡಿದು, ಬಾಟಲಿಯ ಮುಚ್ಚಳ ತೆಗೆಯುವ ಹಾಗೆ ಎಡಕ್ಕೆ ತಿರುಗಿಸಿದೆ. ಅದು ಬರಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದೆ. ಟಕ್ ಎಂದು ಅದರ ಒಂದು ಹಲ್ಲು ಮುರಿದು ನನ್ನ ಕೈಗೆ ಬಂತು.

ಅಷ್ಟರಲ್ಲಿ ಉಮ್ಮ ಬಾಪನಿಗೆ ವಿಡಿಯೋ ಕಾಲ್ ಮಾಡಿಯಾಗಿತ್ತು. ಬಾಪ ಇರುವುದು ಸೌದಿಯ ಜುಬೈಲಿನಲ್ಲಿ. ನಮ್ಮಲ್ಲಿ ಬೆಳಗಿನ 5 ಗಂಟೆಯಾದರೆ ಅಲ್ಲಿ ರಾತ್ರಿ ಎರಡೂವರೆ. ನಿದ್ದೆಗಣ್ಣಿನಲ್ಲೇ ಅವರು ಕೇಳಿದ ಮೊದಲ ಪ್ರಶ್ನೆ: "ಪ್ಲಗ್ ತೆಗೆದಿದ್ದೀರಾ?"

ತೆಗೆದಿರಲಿಲ್ಲ. ಪ್ಲಗ್ ತೆಗೆಯದೆಯೇ ನಾನು ಇಕ್ಕಳ ಹಾಕಿದ್ದೆ.

"ಮೊದಲು ಅದನ್ನು ತೆಗೆ ಮಗಳೇ. ಇನ್ನು ಮಿಕ್ಸಿಯನ್ನು ಬೋರಲು ಹಾಕು. ತಳದಲ್ಲಿ ಒಂದು ಸಣ್ಣ ಕೆಂಪು ಬಟನ್ ಉಂಟಾ ನೋಡು. ಉಂಟಲ್ಲ? ಹತ್ತು ನಿಮಿಷ ಹಾಗೆಯೇ ಬಿಡು. ತಣ್ಣಗಾಗಲಿ. ಆಮೇಲೆ ಅದನ್ನು ಒತ್ತು. ಜಾರಿನಲ್ಲಿರುವ ಅಕ್ಕಿಯನ್ನು ಅರ್ಧ ಮಾಡು."

ಹತ್ತು ನಿಮಿಷದ ನಂತರ ಒತ್ತಿದೆ. ಮೋಟಾರ್ ತಿರುಗಿತು! ಅದಕ್ಕೆ ಏನೂ ಆಗಿರಲಿಲ್ಲ. ಹಾಳಾದದ್ದು ನಾನು ಮುರಿದ ಕಪ್ಲರ್ ಮಾತ್ರ. ಮೋಟಾರ್ ತಿರುಗಿದರೂ ಜಾರಿನ ಬ್ಲೇಡ್ ಹಿಡಿತ ಸಿಗದೆ ಕಟಕಟ ಎನ್ನುತ್ತಿತ್ತು. ಉಳಿದ ಅಕ್ಕಿಯನ್ನು ಉಮ್ಮ ಹಿತ್ತಲಿನ ಕಡೆಯುವ ಕಲ್ಲಿನಲ್ಲಿ ಕಡೆದರು. ಆ ದಿನ ಕ್ಯಾಂಟೀನಿಗೆ ಹೋದದ್ದು 45 ರೊಟ್ಟಿ, ಅದೂ ಮುಕ್ಕಾಲು ಗಂಟೆ ತಡವಾಗಿ. ನಾನು ತಲೆ ತಗ್ಗಿಸಿಕೊಂಡು ಪರೀಕ್ಷೆಗೆ ಹೋದೆ.

ಮರುದಿನ ನಮ್ಮ ಭೌತಶಾಸ್ತ್ರದ ಮೇಡಂ ಹತ್ತಿರ ವಿಷಯ ಹೇಳಿದೆ. ಅವರು ನಕ್ಕು, ಬೋರ್ಡಿನಲ್ಲಿ ಚಿತ್ರ ಬರೆದು ವಿವರಿಸಿದರು. ಮೋಟಾರ್ ವೇಗವಾಗಿ ತಿರುಗುತ್ತಿರುವಾಗ ಅದರೊಳಗೆ ಹುಟ್ಟುವ ಬ್ಯಾಕ್ ಇಎಂಎಫ್ ಕರೆಂಟನ್ನು ಮಿತಿಯಲ್ಲಿ ಇಡುತ್ತದೆ. ಗಟ್ಟಿ ಹಿಟ್ಟಿನಲ್ಲಿ ಬ್ಲೇಡ್ ಸಿಕ್ಕಿಕೊಂಡು ವೇಗ ಕಡಿಮೆಯಾದರೆ ಬ್ಯಾಕ್ ಇಎಂಎಫ್ ಕೂಡ ಕಡಿಮೆಯಾಗುತ್ತದೆ, ಕರೆಂಟ್ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹಾಗೆಯೇ ಬಿಟ್ಟರೆ ತಂತಿಯ ಸುರುಳಿ ಸುಟ್ಟು ಹೋಗುತ್ತದೆ. ಅದನ್ನು ತಡೆಯಲು ಓವರ್‌ಲೋಡ್ ಸ್ವಿಚ್ ಇಟ್ಟಿರುತ್ತಾರೆ. ಇಂಥ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ. ಇಸ್ತ್ರಿ ಪೆಟ್ಟಿಗೆ ತಾನಾಗಿ ಆಫ್ ಆಗುವುದೂ ಹೀಗೆಯೇ. ಅಂದರೆ ಮಿಕ್ಸಿ ನಿಂತದ್ದು ಹಾಳಾದದ್ದರಿಂದ ಅಲ್ಲ, ಹಾಳಾಗಬಾರದು ಎಂದು.

ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬ್ಯಾಕ್ ಇಎಂಎಫ್ ಬಗ್ಗೆ ಪ್ರಶ್ನೆ ಇರಲಿಲ್ಲ. ಇದ್ದಿದ್ದರೂ ಹಿಂದಿನ ದಿನ ನಾನು ಬರೆಯುತ್ತಿದ್ದದ್ದು ಬಾಯಿಪಾಠ ಮಾಡಿದ ಎರಡು ಸಾಲು ಮಾತ್ರ.

ಸಂಜೆ ರಿಪೇರಿ ಅಂಗಡಿಗೆ ಹೋಗಿ 40 ರೂಪಾಯಿಗೆ ಹೊಸ ಕಪ್ಲರ್ ತಂದೆ. ಅಂಗಡಿಯವರು ಹೇಳಿದರು, "ಇದರ ಎಳೆ ಉಲ್ಟಾ ಇರುವುದು. ಮೋಟಾರ್ ತಿರುಗಿದ ಹಾಗೆ ಬಿಗಿಯಾಗಲಿ ಅಂತ. ತೆಗೆಯುವಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಬೇಕು." ನಾನು ತೆಗೆಯುತ್ತಿದ್ದೇನೆ ಎಂದುಕೊಂಡು ಇನ್ನಷ್ಟು ಬಿಗಿ ಮಾಡುತ್ತಿದ್ದೆ! ಈ ಸಲ ಪ್ಲಗ್ ತೆಗೆದು, ಕೆಳಗಿನಿಂದ ಶಾಫ್ಟ್ ಹಿಡಿದುಕೊಂಡು, ಸರಿಯಾದ ದಿಕ್ಕಿಗೆ ತಿರುಗಿಸಿದೆ. ಸುಲಭವಾಗಿ ಬಂತು. ಹೊಸದನ್ನು ಹಾಕಿದೆ. ಮಿಕ್ಸಿ ಸರಿಯಾಯಿತು. ನನಗೆ ದೊಡ್ಡ ಎಂಜಿನಿಯರ್ ಆದಷ್ಟು ಖುಷಿ.

"ಅಜ್ಜೀ, ನೋಡಿ, ರಿಪೇರಿ ಮಾಡಿದೆ," ಎಂದು ಕೂಗಿದೆ.

ಅಜ್ಜಿ ಕೈಯಲ್ಲಿದ್ದ ನೀರುಳ್ಳಿ ಕೆಳಗಿಟ್ಟು ಹೇಳಿದರು, "ಮಿಕ್ಸಿ ನಿಂತಾಗ ಮೂವರು ಓಡಿ ಬಂದಿರಿ. ನಿನ್ನ ಉಮ್ಮ ಒಂದು ವಾರದಿಂದ ಕಡೆಯುವ ನಡುವೆ ಗೋಡೆ ಹಿಡಿದು ಕೂರುತ್ತಿದ್ದಾಳೆ. ಯಾರು ಬಂದಿರಿ?"

ನಾನು ಅದನ್ನು ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ. ದಿನವೂ ಬಾಗಿಲಲ್ಲೇ ಕುಳಿತು ಓದುತ್ತಿದ್ದೆನಲ್ಲ. ಉಮ್ಮ ಕುಳಿತಾಗ ಸದ್ದು ನಿಲ್ಲುತ್ತಿತ್ತು, ಓದಲು ಹಿತವಾಗುತ್ತಿತ್ತು. ಅಷ್ಟೇ ನನ್ನ ತಲೆಗೆ ಹೋದದ್ದು.

ಮರುದಿನ ಒತ್ತಾಯ ಮಾಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.9 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ನಾವೇ ಜೀವಶಾಸ್ತ್ರದ ತರಗತಿಯಲ್ಲಿ ಬರೆದುಕೊಂಡಿದ್ದೇವೆ. ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಬರೆದು ಕೊಟ್ಟರು. ಮಾತ್ರೆ ತಿಂದ ಕೂಡಲೇ ಚಾ ಕುಡಿಯಬಾರದು, ಚಾ ಕಬ್ಬಿಣಾಂಶವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ, ಬದಲಿಗೆ ಲಿಂಬೆ ಶರಬತ್ತು ಕುಡಿಯಿರಿ ಎಂದರು. ಉಮ್ಮ ದಿನಕ್ಕೆ ಆರು ಚಾ ಕುಡಿಯುವವರು. ಬೆಳಿಗ್ಗೆ ತಿಂಡಿಯ ಬದಲಿಗೂ ಚಾ. "ನಿದ್ದೆ ಎಷ್ಟು ಗಂಟೆ?" ಎಂದು ಡಾಕ್ಟರ್ ಕೇಳಿದರು. ಉಮ್ಮ ನನ್ನ ಮುಖ ನೋಡಿದರು, ಉತ್ತರ ಹೇಳಲಿಲ್ಲ.

ಬರುವಾಗ ರಿಕ್ಷಾದಲ್ಲಿ ಕೇಳಿದೆ, "40 ರೊಟ್ಟಿ ಇದ್ದದ್ದನ್ನು 60 ಮಾಡಿದ್ದು ಯಾಕೆ?"

"ಕ್ಯಾಂಟೀನಿನವರು ಕೇಳಿದರು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಸಿಇಟಿ ಕೋಚಿಂಗಿನ ಕಂತು ಉಂಟಲ್ಲ," ಎಂದರು.

ಲೆಕ್ಕ ಹಾಕಿದೆ. 20 ರೊಟ್ಟಿಗೆ 160 ರೂಪಾಯಿ. ಅಕ್ಕಿ, ತೆಂಗಿನಕಾಯಿ, ಗ್ಯಾಸಿನ ಖರ್ಚು ಕಳೆದರೆ ಉಳಿಯುವುದು ಅದರ ಅರ್ಧ. ಆ 80 ರೂಪಾಯಿಗಾಗಿ ಉಮ್ಮ ದಿನವೂ ಒಂದು ಗಂಟೆ ಬೇಗ ಏಳುತ್ತಿದ್ದರು. ವಾರಕ್ಕೆರಡು ದಿನ ನಡೆಯುವ ಆ ಕೋಚಿಂಗಿನ ಕೊನೆಯ ಬೆಂಚಿನಲ್ಲಿ ನಾನು ಎಷ್ಟೋ ಸಲ ತೂಕಡಿಸಿದ್ದೇನೆ.

ನಾನು ಕೋಚಿಂಗ್ ಬಿಟ್ಟೆ. ಇದನ್ನು ತ್ಯಾಗ ಎಂದು ಯಾರೂ ತಿಳಿಯಬೇಡಿ. ಮಾಡಿದ್ದು ಸರಿಯೇ ತಪ್ಪೇ ಎಂದು ಫಲಿತಾಂಶ ಬರುವವರೆಗೆ ನನಗೂ ಗೊತ್ತಾಗುವುದಿಲ್ಲ. ಉಮ್ಮ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಬಾಪ ಫೋನಿನಲ್ಲಿ, "ಓದುವುದನ್ನು ಬಿಟ್ಟಿಲ್ಲವಲ್ಲ, ಅಷ್ಟು ಸಾಕು," ಎಂದರು. ಈಗ ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೇನೆ. ಮೇಡಂ ಶನಿವಾರ ಅರ್ಧ ಗಂಟೆ ಕೊಡುತ್ತಾರೆ. ರೊಟ್ಟಿ ಮತ್ತೆ 40ಕ್ಕೆ ಇಳಿದಿದೆ.

ಇನ್ನೊಂದು ಬದಲಾವಣೆ. ನಾಲ್ಕು ವರ್ಷದಿಂದ ಮನೆಯಲ್ಲಿರುವ ಮಿಕ್ಸಿಯ ತಳದ ಚೀಟಿಯನ್ನು ಮೊದಲ ಸಲ ಓದಿದೆವು. ಐದು ನಿಮಿಷ ಓಡಿಸಿ, ಎರಡು ನಿಮಿಷ ನಿಲ್ಲಿಸಿ ಎಂದು ಬರೆದಿತ್ತು. ಈಗ ಕಡೆಯುವ ಕೆಲಸ ತಮ್ಮನದು. ಅವನು ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ ನಿಲ್ಲುತ್ತಾನೆ. ತಟ್ಟುವುದು ನಾನು. ನನ್ನ ರೊಟ್ಟಿಗಳು ಭಾರತದ ನಕ್ಷೆಯಿಂದ ಶುರುವಾಗಿ ಈಗ ಮೊಟ್ಟೆಯ ಆಕಾರಕ್ಕೆ ಬಂದಿವೆ. ಅಜ್ಜಿ ವಾರಕ್ಕೆರಡು ಸಲ ಹುರುಳಿ ಸಾರು, ಹರಿವೆ ಪಲ್ಯ ಮಾಡುತ್ತಾರೆ. ಬೂತಾಯಿ ಅಗ್ಗವಾಗಿ ಸಿಕ್ಕಿದ ದಿನ ಮೊದಲ ಎರಡು ತುಂಡು ಉಮ್ಮನ ಬಟ್ಟಲಿಗೆ ಹೋಗಬೇಕೆಂದು ನಿಯಮವಾಗಿದೆ. ಅವರು ಅದನ್ನು ಮೆಲ್ಲನೆ ತಮ್ಮನ ಬಟ್ಟಲಿಗೆ ದಾಟಿಸಲು ನೋಡುತ್ತಾರೆ. ಅಜ್ಜಿ ಬಿಡುವುದಿಲ್ಲ.

ಸ್ನೇಹಿತರೇ, ಮಿಕ್ಸಿ ನಿಂತರೆ ಮೊದಲು ಪ್ಲಗ್ ತೆಗೆಯಿರಿ, ಬೋರಲು ಹಾಕಿ ಕೆಂಪು ಬಟನ್ ನೋಡಿ, ತಣ್ಣಗಾಗಲು ಬಿಡಿ. ಇಷ್ಟು ಹೇಳಲೆಂದೇ ಬರೆಯಲು ಕುಳಿತದ್ದು. ಆದರೆ ಬರೆಯುತ್ತಾ ಹೋದಂತೆ ಬೇರೆಯದೂ ಬಂತು. ಯಂತ್ರ ಮಾಡಿದವರಿಗೆ ಅದು ಸುಸ್ತಾಗುತ್ತದೆಂದು ಗೊತ್ತಿತ್ತು, ಅದಕ್ಕೇ ಬಟನ್ ಇಟ್ಟರು. ಮನೆಯ ಮನುಷ್ಯರಿಗೆ ಸುಸ್ತಾಗುವುದನ್ನು ನಾವೇ ನೋಡಿಕೊಳ್ಳಬೇಕು.

ಮೊನ್ನೆ ಇದನ್ನೇ ಉಮ್ಮನ ಹತ್ತಿರ ದೊಡ್ಡ ಮಾತಿನ ಹಾಗೆ ಹೇಳಿದೆ, "ನಿಮಗೂ ಒಂದು ಕೆಂಪು ಬಟನ್ ಇರಬೇಕಿತ್ತು ಉಮ್ಮ."

ಉಮ್ಮ ಕಾವಲಿಯಿಂದ ಕಣ್ಣು ತೆಗೆಯದೆ ಹೇಳಿದರು, "ಇದ್ದಿದ್ದರೆ ನೀವು ಮೂವರು ಸೇರಿ ಹತ್ತು ನಿಮಿಷಕ್ಕೊಮ್ಮೆ ಅದನ್ನು ಒತ್ತಿ ಮತ್ತೆ ಓಡಿಸುತ್ತಿದ್ದಿರಿ."

ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ತಮ್ಮ ಮಿಕ್ಸಿ ನಿಲ್ಲಿಸಿ "ಎರಡು ನಿಮಿಷ!" ಎಂದು ಕೂಗಿದ. ನಾನು ಉಮ್ಮನ ಕೈಯಿಂದ ಸಟ್ಟುಗ ತೆಗೆದುಕೊಂಡು ಸ್ಟೂಲ್ ಮುಂದಕ್ಕೆ ಸರಿಸಿದೆ. ಅವರು ಗೊಣಗುತ್ತಲೇ ಕುಳಿತರು.