ಬೇಲದ ಬೀಜದ ಆನೆ ಸವಾರಿ

ರಾಮನವಮಿಯ ಪಾನಕಕ್ಕೆಂದು ವಿಜಯನಗರದ ಮಾರುಕಟ್ಟೆಯಿಂದ ಬೇಲದ ಹಣ್ಣು ತಂದಿದ್ದೆ. ಒಡೆಯಲು ಕಲ್ಲಿಗೆ ಮೂರು ಸಲ ಕುಟ್ಟಬೇಕಾಯಿತು. ನೋಡುತ್ತಿದ್ದ ಮೊಮ್ಮಗಳು ಕೇಳಿದಳು: "ತಾತ, ಚಿಪ್ಪು ಇಷ್ಟು ಗಟ್ಟಿ ಇದ್ರೆ ಕಾಡಲ್ಲಿ ಇದನ್ನ ಒಡೆಯೋರು ಯಾರು?"

"ಆನೆ! ಭಾನುವಾರ ಬಾ, ತೋರಿಸ್ತೀನಿ" ಎಂದೆ. ಪಾನಕ ಸೋಸಿದಾಗ ಉಳಿದ ಬೀಜಗಳನ್ನು ಅವಳು ತೊಳೆದು ಎತ್ತಿಟ್ಟಳು.

ಭಾನುವಾರ ಕೆಂಗೇರಿಯ ಬಳಿ ನೈಸ್ ರಸ್ತೆ ಹಿಡಿದು ಬನ್ನೇರುಘಟ್ಟಕ್ಕೆ ಹೊರಟೆವು. ಕನಕಪುರ ರಸ್ತೆ ಎದುರಾದಾಗ ತಾತಗುಣಿ ಎಸ್ಟೇಟಿನ ದಿಕ್ಕು ತೋರಿಸಿದೆ. ಚಿತ್ರಕಲಾವಿದ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿ ಬಾಳಿದ ತೋಟ ಅದು. ಅಲ್ಲಿಗೂ ಕಾಡಾನೆಗಳು ಬಂದು ಹೋಗುತ್ತವೆ ಎಂದಾಗ ಪುಟ್ಟಿ ಕಣ್ಣರಳಿಸಿದಳು.

ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಸುಮಾರು 260 ಚದರ ಕಿಲೋಮೀಟರ್ ವಿಸ್ತಾರವಿದೆ. ಸಫಾರಿ ಬಸ್ಸಿನಿಂದ ಮೊದಲು ಕಂಡದ್ದು ನೆರಳಲ್ಲಿ ಮೆಲುಕು ಹಾಕುತ್ತಿದ್ದ ಜಿಂಕೆಗಳು. ಕಾಡಿನ ಜಿಂಕೆ ನೆಲ್ಲಿಕಾಯಿ ನುಂಗುತ್ತದೆ, ಆಮೇಲೆ ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಬಂಡೀಪುರದ ಪಕ್ಕದ ಮುದುಮಲೈ ಕಾಡಿನಲ್ಲಿ ವಿಜ್ಞಾನಿಗಳು ಇದನ್ನು ಗಮನಿಸಿ ಬರೆದಿದ್ದಾರೆ.

ಮುಂದೆ ಆನೆಗಳಿದ್ದ ಜಾಗದಲ್ಲಿ ದೊಡ್ಡ ಲದ್ದಿ ಬಿದ್ದಿತ್ತು. ಪುಟ್ಟಿ ಮೂಗು ಮುಚ್ಚಿಕೊಂಡಳು. "ಸರಿಯಾಗಿ ನೋಡು, ಬರೀ ಹುಲ್ಲು, ನಾರು!" ಎಂದೆ. ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ. ಅದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ತಿಂದ ಹಣ್ಣಿನ ಬೀಜ ಒಂದೆರಡು ದಿನ ಹೊಟ್ಟೆಯಲ್ಲೇ ಇರುತ್ತದೆ. ಅಷ್ಟರಲ್ಲಿ ಆನೆ ಎಷ್ಟೋ ಕಿಲೋಮೀಟರ್ ನಡೆದಿರುತ್ತದೆ. ಬೀಜ ಬೀಳುವುದು ತಾಯಿಮರದಿಂದ ದೂರ, ಗೊಬ್ಬರದ ಸಮೇತ! ತಾಯಿಮರದ ಬುಡದಲ್ಲೇ ಬಿದ್ದರೆ ನೆರಳು ಹೆಚ್ಚು, ಹುಳುಗಳ ಕಾಟವೂ ಹೆಚ್ಚು. ಅಲ್ಲಿ ಸಸಿ ಬದುಕುವುದು ಕಷ್ಟ.

"ಅದಕ್ಕೇ ಗಣೇಶನಿಗೆ ಬೇಲದ ಹಣ್ಣು ಇಡೋದಾ?" ಎಂದಳು. ಆನೆಗೆ ಬೇಲ ಇಷ್ಟವೆಂದು ನಮ್ಮ ಹಿರಿಯರಿಗೆ ಗೊತ್ತಿತ್ತಲ್ಲ!

ವಾಪಸು ಬರುವಾಗ ಕತ್ತಲಾಗಿತ್ತು. ನೈಸ್ ರಸ್ತೆಯಲ್ಲಿ ಲಾರಿಗಳ ಸಾಲು. ಪುಟ್ಟಿ ಕಿಟಕಿಯಿಂದ ನೋಡುತ್ತಲೇ ಇದ್ದಳು. "ತಾತ, ಆನೆ ಈ ರಸ್ತೆ ಹೇಗೆ ದಾಟುತ್ತೆ?"

ನನಗೆ ಉತ್ತರ ತೋಚಲಿಲ್ಲ. ಈ ಆನೆಗಳು ಕೆಲವೊಮ್ಮೆ ಬಿಡದಿ ಬಳಿಯ ಬೈರಮಂಗಲ ಕೆರೆಯವರೆಗೂ ಬರುತ್ತವೆ. ರಾಗಿ ಹೊಲಕ್ಕೆ ನುಗ್ಗಿದರೆ ರೈತನಿಗೆ ನಷ್ಟ, ಜೀವಭಯ. ಕಾಡಿನಿಂದ ಕಾಡಿಗೆ ದಾರಿ ಉಳಿದರೆ ಇಬ್ಬರಿಗೂ ಕ್ಷೇಮ. ದಾರಿ ಮುಚ್ಚಿದರೆ ಆನೆಯ ಜೊತೆ ಬೀಜಗಳ ಪ್ರಯಾಣವೂ ನಿಲ್ಲುತ್ತದೆ.

ಎತ್ತಿಟ್ಟ ಬೀಜಗಳನ್ನು ಪುಟ್ಟಿ ಸಗಣಿ ಗೊಬ್ಬರ ಬೆರೆಸಿದ ಕುಂಡದಲ್ಲಿ ಹಾಕಿದಳು. ಮೂರು ವಾರದಲ್ಲಿ ಎರಡು ಮೊಳಕೆ ಬಂದವು. ನಮ್ಮ ಮನೆಯ ಸುತ್ತ ಮರ ಬೆಳೆಯುವಷ್ಟು ಜಾಗವಿಲ್ಲ. ಎಲ್ಲಿ ನೆಡುವುದೆಂದು ತಾತ-ಮೊಮ್ಮಗಳು ದಿನವೂ ಯೋಚಿಸುತ್ತಿದ್ದೇವೆ. ಆನೆಗಾದರೆ ಈ ಚಿಂತೆಯೇ ಇರುತ್ತಿರಲಿಲ್ಲ!