ಹಿಂದಿನ ಖೋಲಿಯ ಬಾಡಿಗೆ

ಬೆಂಡಿಕಾಯಿಯ ತುದಿ ಮುರಿದು ನೋಡಿ ಕೊಳ್ಳಬಹುದು, ಸೀರೆಯ ಸೆರಗು ಬಿಚ್ಚಿಸಿ ನೋಡಿ ಚೌಕಾಸಿ ಮಾಡಬಹುದು. ಆದರೆ ನಾವೇ ಇರುವ ಮನೆಯ ಒಂದು ಖೋಲಿಗೆ ಬೆಲೆ ಕಟ್ಟುವುದಿದೆಯಲ್ಲ, ಅದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ.

ನಮ್ಮದು ಬೈಲಹೊಂಗಲದ ಹಳೆಯ ಮನೆ. ಹಿತ್ತಲಿಗೆ ಬಾಗಿಲಿರುವ ಖೋಲಿ ಅತ್ತೆಯವರದು. ಅವರು ಹೋದ ಮೇಲೆ ಜೋಳದ ಚೀಲ, ಹಪ್ಪಳದ ಡಬ್ಬಿ, ಮುರಿದ ತೊಟ್ಟಿಲು ಎಲ್ಲ ಅಲ್ಲಿ ಸೇರಿದ್ದವು. ಒಂದು ದಿನ ಊರಿನ ಆಸ್ಪತ್ರೆಯೊಂದರ ನರ್ಸ್ ಹುಡುಗಿ ಬಂದು, "ಕಾಕು, ಖೋಲಿ ಖಾಲಿ ಐತಂತಲ್ರಿ, ಬಾಡಿಗಿಗೆ ಕೊಡ್ತೀರೇನ್ರಿ?" ಎಂದಳು. ಅವಳ ಊರು ಕಿತ್ತೂರಿನ ಆಚೆಯ ಹಳ್ಳಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಓಣಿಯ ಇಬ್ಬರು ಸಾಲಿ ಅಕ್ಕೋರು ಬಾಡಿಗೆ ಮನೆ ಬಿಟ್ಟು ಧಾರವಾಡದಿಂದಲೇ ಓಡಾಡತೊಡಗಿದ್ದರು. ಇವಳಿಗೆ ಹಾಗೆ ಮಾಡಲು ಬರುವಂತಿಲ್ಲ. ರಾತ್ರಿ ಪಾಳಿ ಮುಗಿಸಿದವಳಿಗೆ ಬಸ್ಸಿಗಿಂತ ಮೊದಲು ನಿದ್ದೆ ಬೇಕು.

ಖೋಲಿ ಕೊಡುವುದೆಂದಾಯಿತು. ಎಷ್ಟಕ್ಕೆ? ನಮ್ಮ ಮನೆಯವರು, "ಬಾಜೂದವರು ಮೂರು ಸಾವಿರ ತಗೋತಾರ, ನಾವೂ ಅಷ್ಟ" ಎಂದು ಪೇಪರು ಹಿಡಿದರು. ಸವದತ್ತಿಯ ನಾದಿನಿ ಫೋನಿನಲ್ಲಿ, "ವೈನಿ, ಬನದ ಹುಣ್ಣಿಮಿಗೆ ನಮ್ಮಲ್ಲಿ ಬಂದ ನೋಡ್ರಿ, ಒಂದ ರಾತ್ರಿಗೆ ಖೋಲಿ ಎಷ್ಟಕ್ಕ ಹೋಗ್ತಾವ" ಎಂದು ನಕ್ಕಳು. ಎಲ್ಲಮ್ಮನ ಜಾತ್ರೆಗೆ ಬಂದವರು ಒಂದು ರಾತ್ರಿ ಮಲಗಿ, ಕೇಳಿದಷ್ಟು ಕೊಟ್ಟು ಹೋಗುತ್ತಾರೆ. ಈ ಹುಡುಗಿಯ ಮುಖವನ್ನು ನಾನು ದಿನಾ ನೋಡಬೇಕಲ್ಲ!

ಮದುವೆಯಾದ ಹೊಸದರಲ್ಲಿ ನಾವೂ ರಾಮದುರ್ಗದಲ್ಲಿ ಬಾಡಿಗೆಗಿದ್ದೆವು. ಪಕ್ಕದಲ್ಲಿ ಮಗ್ಗದ ಸಪ್ಪಳ, ಅದು ರೂಢಿಯಾಯಿತು. ರೂಢಿಯಾಗದ್ದು ಮನೆಯೊಡತಿಯ ಮಾತು. ಎಷ್ಟು ಕೊಡ ನೀರು ತುಂಬಿದೆ ಎಂದು ಎಣಿಸುವಳು. ತವರಿನಿಂದ ಅವ್ವ ಬಂದರೆ, "ಎಂದ ಹೊಕ್ಕಾರ?" ಎಂದು ಅವ್ವನ ಎದುರಿಗೇ ಕೇಳುವಳು. ಬಾಡಿಗೆ ಕಡಿಮೆ ಇತ್ತು ನಿಜ, ಉಳಿದದ್ದನ್ನು ಹೀಗೆ ವಸೂಲು ಮಾಡುತ್ತಿದ್ದಳು.

ಆದ್ದರಿಂದ ಕ್ಯಾಲೆಂಡರಿನ ಹಿಂಭಾಗದಲ್ಲಿ ನಾನೇ ಲೆಕ್ಕ ಹಾಕಿದೆ. ಸುಣ್ಣ, ಹೊಸ ಚಿಲಕ, ನೀರಿನ ಮೋಟಾರು. ಬಾಜೂದವರ ಖೋಲಿಗೆ ಅದರದೇ ಬಚ್ಚಲವಿದೆ. ನಮ್ಮಲ್ಲಿ ಹಿತ್ತಲ ಬಚ್ಚಲಕ್ಕೆ ಸರತಿ. ಅದಕ್ಕೆ ಒಂದಿಷ್ಟು ಕಳೆದೆ. ಅವಳು ಮಲಗುವುದು ಹಗಲು, ನಾನು ಶೇಂಗಾ ಚಟ್ನಿ ಕುಟ್ಟುವುದೂ ಹಗಲು. ಅದಕ್ಕೂ ಕಳೆದೆ. ತೊಡಕಾದದ್ದು ಲೈಟ್ ಬಿಲ್ಲು. ಗೃಹಜ್ಯೋತಿಯಲ್ಲಿ 2022-23ರ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು ಯೂನಿಟ್ ಪುಕ್ಕಟೆ. ನಮ್ಮದು 80, ಅಂದರೆ 88. ಅದನ್ನು ದಾಟಿದರೆ ಹೆಚ್ಚಿನದಕ್ಕೆ ರೊಕ್ಕ ಕಟ್ಟಬೇಕು, 200 ದಾಟಿದರೆ ಪೂರಾ ಬಿಲ್ಲು. ಬಾಡಿಗೆದಾರರಿಗೂ ಈ ಸವಲತ್ತುಂಟು, ಆದರೆ ಮೀಟರು ಬೇರೆ ಇರಬೇಕು. ನಮ್ಮ ಮೀಟರು ಒಂದೇ. ಬಿಲ್ಲು ಬಂದಾಗ ಅವಳಿಗೇ ತೋರಿಸುವುದು, ಹೆಚ್ಚಾದದ್ದರಲ್ಲಿ ಅರ್ಧರ್ಧ ಎಂದು ಮಾಡಿದೆ.

ಕೂಡಿಸಿ ಕಳೆದು 2,400 ಬಂತು. ಮನೆಯವರಿಗೆ ಆರುನೂರು ಹೋಯಿತೆಂದು ಸಂಕಟ. ಆಮೇಲೆ, "ಇರಲಿ ಬಿಡು, ದಿನಾ ಬಿ.ಪಿ. ನೋಡ್ತಾಳ" ಎಂದರು. ನಾನು ಒಪ್ಪಲಿಲ್ಲ. ಆರುನೂರು ಬಿಟ್ಟದ್ದು ಬಚ್ಚಲಕ್ಕಾಗಿ, ಚಟ್ನಿಗಾಗಿ. ನಿದ್ದೆಯಿಂದ ಎಬ್ಬಿಸಿ ಬಿ.ಪಿ. ನೋಡಿಸಿಕೊಳ್ಳುವುದಕ್ಕಲ್ಲ.

ಹನ್ನೊಂದು ತಿಂಗಳ ಕರಾರು ಪತ್ರವಾಯಿತು. ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ನೋಂದಣಿ ಮಾಡಿಸಬೇಕಾದ್ದರಿಂದ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಡಿಪಾಜಿಟ್ಟು ಎರಡು ತಿಂಗಳದು. ಅವಳ ಪಗಾರ ಏಳಕ್ಕೆ, ಆದ್ದರಿಂದ ಬಾಡಿಗೆ ಹತ್ತಕ್ಕೆ. ನಡುವೆ ಏರಿಸುವಂತಿಲ್ಲ.

ಮನೆ ಅವರ ಹೆಸರಿನಲ್ಲಿದೆ, ಸಹಿ ಅವರದೇ. ರೊಕ್ಕ ಯಾರ ಖಾತೆಗೆ? ಇದು ನೋಡಿ ನಿಜವಾದ ಪ್ರಶ್ನೆ. ಮೂವತ್ತೊಂದು ವರ್ಷ ಆ ಮನೆ ಸಾರಿಸಿ ಗುಡಿಸಿದವಳು ನಾನು. ಅತ್ತೆಯವರು ಎರಡು ವರ್ಷ ಹಾಸಿಗೆ ಹಿಡಿದಾಗ ಆ ಖೋಲಿಯಲ್ಲೇ ಚಾಪೆ ಹಾಸಿ ಮಲಗಿದವಳೂ ನಾನು. "ಬಾಡಿಗಿ ನನ್ನ ಖಾತೆಕ್ಕ ಬರಲಿ" ಎಂದೆ. "ನಿನಗೇನ ಕಡಿಮಿ ಮಾಡೇನಿ?" ಎಂದರು. "ಕಡಿಮಿ ಮಾಡಿಲ್ಲರೀ, ಆದ್ರ ಕೇಳೂದು ತಪ್ಪಿಲ್ಲ" ಎಂದೆ. ಎರಡು ದಿನ ಊಟಕ್ಕೆ ಕುಳಿತಾಗ ರೊಟ್ಟಿ ಬಡಿಯುವ ಸಪ್ಪಳವೊಂದೇ. ಮೂರನೆಯ ದಿನ ನನ್ನ ಪಾಸ್‌ಬುಕ್ಕಿನ ನಂಬರನ್ನು ಅವರೇ ಚೀಟಿಯಲ್ಲಿ ಬರೆದು ಆ ಹುಡುಗಿಗೆ ಕೊಟ್ಟರು.

ಮೊದಲ ಬಾಡಿಗೆಯಲ್ಲಿ ನಾನು ಏನೂ ಕೊಳ್ಳಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿಕೊಂಡು ಬಂದೆ, ಅಷ್ಟೆ.

ಈಗ ಹನ್ನೊಂದು ತಿಂಗಳು ತುಂಬುತ್ತಾ ಬಂದಿವೆ. ನೂರು ರೂಪಾಯಿ ಏರಿಸುತ್ತೇನೆಂದು ಹೇಳಿದೆ. "ಏರಸ್ರಿ ಕಾಕು, ಆದ್ರ ಮೊದಲ ಕಿಡಕಿಗೆ ಗುಂಗಾಡದ ಜಾಳಗಿ ಹಾಕಿಸಿಕೊಡ್ರಿ" ಎಂದಳು. ಬಡಿಗೇರನಿಗೆ ಹೇಳಿ ಕಳಿಸಿದ್ದೇನೆ.