ಮಾದಪ್ಪನಿಗೆ ಯಾವ ನಂಬರು?

ಲೈಬ್ರರಿಯನ್ ಕೆಲಸ ಅಂದರೆ ಫ್ಯಾನಿನ ಕೆಳಗೆ ಕೂತು ಪೇಪರ್ ಓದುವುದು ಎಂದು ನಂಬಿರುವವರು ನಮ್ಮ ಸೀಮೆಯಲ್ಲಿ ಈಗಲೂ ಬೇಕಾದಷ್ಟಿದ್ದಾರೆ. ನನ್ನ ಗೆಳೆಯರೊಬ್ಬರು ಕಾಲೇಜು ಗ್ರಂಥಪಾಲಕರು. ರಿಫ್ರೆಶರ್ ಕೋರ್ಸಿಗೆಂದು ಬ್ಯಾಗು ಹಿಡಿದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದಾಗ ಪರಿಚಯದವರೊಬ್ಬರು ಕೇಳಿಯೇಬಿಟ್ಟರು: “ಅದೇನ್ ಸಾ, ಬುಕ್ಕು ಎತ್ಕೊಡಕೂ ಟ್ರೈನಿಂಗಾ?”

ಕೇಳಿದವರದು ತಪ್ಪೆನ್ನುವಂತಿಲ್ಲ. ಎಸ್.ಆರ್. ರಂಗನಾಥನ್ ಅವರಿಗೂ ಮೊದಲು ಹಾಗೇ ಅನ್ನಿಸಿತ್ತು. ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸವಿಲ್ಲದೆ ಕೂತು ಬೇಸತ್ತು, ವಾಪಸ್ ಪಾಠಕ್ಕೇ ಕರೆದುಕೊಳ್ಳಿ ಎಂದು ಪ್ರಿನ್ಸಿಪಾಲರ ಬಳಿ ಹೋಗಿದ್ದರಂತೆ. ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೆ ನೋಡೋಣ ಎಂದು ಕಳಿಸಿದರು. ಹೋದವರು ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ನೋಡಿದರು. ಅವೇ ತುಂಡುಗಳನ್ನು ಜೋಡಿಸಿ ಏನು ಬೇಕಾದರೂ ಕಟ್ಟಬಹುದಲ್ಲ! ಆ ಯೋಚನೆ ಬೆಳೆದು 1933ರಲ್ಲಿ ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣವಾಯಿತು. ಕೊನೆಗಾಲಕ್ಕೆ ಅವರು ನಮ್ಮ ಬೆಂಗಳೂರಿನವರೇ. 1962ರಲ್ಲಿ ಇಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಶುರುಮಾಡಿ, 1972ರಲ್ಲಿ ಇಲ್ಲೇ ತೀರಿಕೊಂಡರು.

ಈಗಿನವರ ಪಾಡು ಬೇರೆ. ಎಂ.ಲಿಬ್ ಆಗಬೇಕು, ಅದರ ಮೇಲೆ ನೆಟ್ಟೋ ಕೆ-ಸೆಟ್ಟೋ ಆಗಬೇಕು. ಕೆಲಸ ಸಿಕ್ಕಮೇಲೆ ಓರಿಯೆಂಟೇಶನ್, ರಿಫ್ರೆಶರ್. ಸರ್ಟಿಫಿಕೇಟ್ ಇಲ್ಲದಿದ್ದರೆ ಬಡ್ತಿಯ ಫೈಲು ಅಲ್ಲಾಡುವುದಿಲ್ಲ. ಇವನ್ನು ನಡೆಸುವ ಕೇಂದ್ರಗಳು ಮೊದಲು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಾಗಿದ್ದವು, ಆಮೇಲೆ ಎಚ್.ಆರ್.ಡಿ.ಸಿ. ಆದವು, ಈಗ ಮಾಳವೀಯ ಮಿಷನ್ ಹೆಸರಿನಲ್ಲಿವೆ. ಬೋರ್ಡು ಎರಡು ಸಲ ಬದಲಾದರೂ ಮಧ್ಯಾಹ್ನದ ಊಟವಾದ ಮೇಲಿನ ಉಪನ್ಯಾಸ ಬದಲಾಗಿಲ್ಲ ಎನ್ನುತ್ತಾರೆ ಗೆಳೆಯರು. ಅಲ್ಲಿ ಕಲಿಸುವುದು ಕೋಹಾ, ಸೋಲ್ ಎಂಬ ಲೈಬ್ರರಿ ಸಾಫ್ಟ್‌ವೇರು, ಎನ್-ಲಿಸ್ಟ್, ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹ, ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರು, ಈಚೆಗೆ ಎ.ಐ. ಕೂಡ. ಬೇಡವೆಂದಲ್ಲ, ಎಲ್ಲ ಬೇಕು. ಆದರೆ ನನಗೆ ಬೇರೊಂದು ಚಿಂತೆ.

‘ಮಲೆಯ ಮಾದೇಶ್ವರ’ವನ್ನು ತೆಗೆದುಕೊಳ್ಳಿ. ಮಾದಪ್ಪನ ಹಾಡು ಹೇಳುವ ಕಂಸಾಳೆಯವರ ಬಾಯಲ್ಲಿದ್ದದ್ದನ್ನು ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಜನಪದ ಮಹಾಕಾವ್ಯ. ಇದನ್ನು ಯಾವ ಬೀರುವಿನಲ್ಲಿಡುತ್ತೀರಿ? ಹಾಡು ಅಂದರೆ ಕನ್ನಡ ಕಾವ್ಯ, 894.8141. ಜನಪದ ಕಥೆ ಅಂದರೆ 398.2. ಮಾದಪ್ಪ ದೇವರಲ್ಲವೇ ಅಂದರೆ ಹಿಂದೂ ಧರ್ಮ, 294.5. ಡ್ಯೂಯಿ ಎಂಬ ಅಮೆರಿಕದವನು 1876ರಲ್ಲಿ ಈ ನಂಬರುಗಳನ್ನು ಹಂಚಿದಾಗ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂದು ಇಡೀ ಹಜಾರವನ್ನೇ ಬಿಟ್ಟುಕೊಟ್ಟ. 220ರಿಂದ 280ರ ತನಕ ಬೈಬಲ್ಲು, ಕ್ರೈಸ್ತಧರ್ಮ. ಮಿಕ್ಕ ಧರ್ಮಗಳೆಲ್ಲ 290ರೊಳಗೆ ಒತ್ತರಿಸಿಕೊಂಡು ಕೂತಿವೆ, ಭಾನುವಾರದ ಗುಂಡ್ಲುಪೇಟೆ ಬಸ್ಸಿನಂತೆ.

ಪುಸ್ತಕ ಒಂದೇ ಕಡೆ ಕೂರಬೇಕು, ಸರಿ. ಕ್ಯಾಟಲಾಗು ಮಾತ್ರ ಮೂರೂ ದಾರಿಯಿಂದ ಅಲ್ಲಿಗೆ ಕರೆದೊಯ್ಯಬಹುದು. ಜಾಣತನವಿರುವುದು ಅಲ್ಲಿ. ಆದರೆ ಎಷ್ಟೋ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕೈತೊಳೆದುಕೊಂಡಿರುತ್ತಾರೆ. ಓದಲು ಬಂದ ಹುಡುಗಿ ‘ಮಹದೇಶ್ವರ’ ಎಂದು ಹುಡುಕುತ್ತಾಳೆ, ಒಳಗಿರುವುದು ‘ಮಾದೇಶ್ವರ’. ಊರಲ್ಲಿ ಎಲ್ಲರೂ ಅನ್ನುವುದು ‘ಮಾದಪ್ಪ’. ‘ಫಲಿತಾಂಶ ಇಲ್ಲ’ ಎನ್ನುತ್ತದೆ ಕಂಪ್ಯೂಟರು. ಪುಸ್ತಕ ನಾಲ್ಕು ಮಾರು ದೂರದ ಬೀರುವಿನಲ್ಲೇ ಇರುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ ಹುಡುಕಿದವರಿಗೂ ಇದೇ ಗತಿ. ‘ಕಂಸಾಳೆ’, ‘ನೀಲಗಾರರು’ ಎಂಬ ಪದಗಳನ್ನು ವಿಷಯಸೂಚಿಗೆ ಸೇರಿಸಲು ಸಾಫ್ಟ್‌ವೇರ್ ಪಾಠ ಸಾಲದು. ಅವರ ಹಾಡನ್ನು ಒಮ್ಮೆಯಾದರೂ ಕೂತು ಕೇಳಿರಬೇಕು.

ಚಾಮರಾಜನಗರದ ಸುವರ್ಣ ಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 2023ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ಅಲ್ಲಿನವರಲ್ಲಿ ಒಂದು ಕೋರಿಕೆ: ಗ್ರಂಥಪಾಲಕರಿಗೆ ಒಂದು ಪುನಶ್ಚೇತನ ಶಿಬಿರ ನೀವೇ ಮಾಡಿ. ಬೆಳಿಗ್ಗೆ ಕೋಹಾ ಹೇಳಿಕೊಡಿ. ಮಧ್ಯಾಹ್ನ ಊಟವಾದ ಮೇಲೆ ಕಂಸಾಳೆಯವರನ್ನೂ ನೀಲಗಾರರನ್ನೂ ಕರೆಸಿ, ಸಂಭಾವನೆ ಕೊಟ್ಟು ಹಾಡಿಸಿ. ಆ ಹೊತ್ತಿನಲ್ಲಿ ಯಾರೂ ತೂಕಡಿಸುವುದಿಲ್ಲ, ಅದಕ್ಕೆ ನಾನು ಜವಾಬ್ದಾರ.